ಲಾಗಿನ್ ಆಗಿದೆ, ಲಿಸ್ಟ್ ಬರ್ತಿಲ್ಲವಾ? ಎಫ್‌ಟಿಪಿಯಲ್ಲಿ ಆಲ್ಬಂ ಕಳಿಸುವ ಬಗೆ

ತುಮಕೂರಿನ ಸ್ಟುಡಿಯೋದಲ್ಲಿ ಕೂತು ಮದುವೆ ಆಲ್ಬಂ ಡಿಸೈನ್ ಮಾಡಿ ಬೆಂಗಳೂರಿನ ಲ್ಯಾಬಿಗೆ ಕಳಿಸುವವರಿಗೆ ಎಫ್‌ಟಿಪಿ, ಅಂದರೆ ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸುವ ವಿಧಾನ, ಹೊಸದಲ್ಲ. ಲ್ಯಾಬಿನವರು ಕೊಟ್ಟ ಹೋಸ್ಟ್ (ಅವರ ಸರ್ವರಿನ ವಿಳಾಸ), ಯೂಸರ್‌ನೇಮ್, ಪಾಸ್‌ವರ್ಡನ್ನು ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ಸಾಫ್ಟ್‌ವೇರಿನಲ್ಲಿ ಹಾಕಿ, ಎಡಗಡೆ ಇರುವ ಫೋಲ್ಡರನ್ನು ಬಲಗಡೆಗೆ ಎಳೆದು ಬಿಟ್ಟರೆ ಆಯಿತು. ಆದರೆ ಮುಹೂರ್ತ ಜಾಸ್ತಿ ಇರುವ ತಿಂಗಳಲ್ಲೇ ಅದು ಕೈಕೊಡುತ್ತದೆ. ಲಾಗಿನ್ ಆಗುತ್ತದೆ, ಫೋಲ್ಡರ್ ಲಿಸ್ಟ್ ಮಾತ್ರ ಬರುವುದಿಲ್ಲ, ಅಲ್ವಾ?

ಪಾಸ್‌ವರ್ಡ್ ಸರಿಯಾಗೇ ಇದೆ, ಅದನ್ನು ಸುಮ್ನೆ ಮತ್ತೆ ಮತ್ತೆ ಹೊಡೆಯಬೇಡಿ. ಎಫ್‌ಟಿಪಿ ಒಂದಲ್ಲ, ಎರಡು ಕನೆಕ್ಷನ್ ಮಾಡುತ್ತದೆ. ಮೊದಲನೆಯದು ಸರ್ವರಿನ 21ನೇ ಪೋರ್ಟಿಗೆ (ಪೋರ್ಟ್ ಅಂದರೆ ಕಂಪ್ಯೂಟರಿಗೆ ಒಳಬರುವ ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ). ಲಾಗಿನ್, ಆಜ್ಞೆ, ಉತ್ತರ ಎಲ್ಲ ಅದರಲ್ಲೇ. ಫೈಲಾಗಲಿ ಲಿಸ್ಟಾಗಲಿ ಅದರಲ್ಲಿ ಬರುವುದಿಲ್ಲ, ಅದಕ್ಕೆ ಪ್ರತಿ ಸಲ ಬೇರೆಯೇ ಕನೆಕ್ಷನ್ ಆಗಬೇಕು. ಕೆಟ್ಟಿರುವುದು ಈ ಎರಡನೆಯದು.

ಆಕ್ಟಿವ್ ಮೋಡ್ ಇದ್ದರೆ ಸರ್ವರೇ ನಿಮ್ಮ ಕಂಪ್ಯೂಟರಿಗೆ ಕನೆಕ್ಟ್ ಮಾಡಲು ಬರುತ್ತದೆ, ಅಂಗಡಿಯ ರೌಟರೋ ಫೈರ್‌ವಾಲೋ ಅದನ್ನು ಒಳಗೆ ಬಿಡುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಪ್ಯಾಸಿವ್ ಮಾಡಿಕೊಳ್ಳಿ. ಆಗ ಎರಡನೆಯದನ್ನೂ ನಿಮ್ಮ ಕಂಪ್ಯೂಟರೇ ಹೊರಗೆ ಹೋಗಿ ಮಾಡುತ್ತದೆ.

ಇಷ್ಟಾದರೂ ಆಗದಿದ್ದರೆ ಫೈಲ್‌ಜಿಲ್ಲಾದ ಮೇಲ್ಭಾಗದಲ್ಲಿ ಸರ್ವರಿನ ಉತ್ತರಗಳು ಬರುವ ಲಾಗ್ ಓದಿ, ಅದನ್ನು ಯಾರೂ ಓದುವುದಿಲ್ಲ, ಉತ್ತರ ಇರುವುದು ಅಲ್ಲೇ. 227 ಅಂತ ಶುರುವಾಗುವ ಸಾಲಿನಲ್ಲಿ ಆರು ಸಂಖ್ಯೆ ಇರುತ್ತವೆ. ಮೊದಲ ನಾಲ್ಕು ಸರ್ವರಿನ ವಿಳಾಸ, ಕೊನೆಯ ಎರಡು ಪೋರ್ಟ್. ಕೊನೆಗೆ 195, 80 ಅಂತಿದ್ದರೆ 195ನ್ನು 256ರಿಂದ ಗುಣಿಸಿ 80 ಕೂಡಿಸಿ: 50,000ನೇ ಪೋರ್ಟ್. ಆ ಸಾಲು ಬಂದ ಮೇಲೆ ಟೈಮ್‌ಔಟ್ ಆಗುತ್ತಿದ್ದರೆ ಬಹಳ ಸಲ ಆ ಪೋರ್ಟನ್ನು ಮಧ್ಯೆ ಯಾವುದೋ ಫೈರ್‌ವಾಲ್ ತಡೆದಿರುತ್ತದೆ. ಲ್ಯಾಬಿಗೆ ಫೋನ್ ಮಾಡಿ ಇಷ್ಟನ್ನೇ ಹೇಳಿ, ಅವರಿಗೆ ಅರ್ಥವಾಗುತ್ತದೆ. 530 ಬಂದರೆ ಮಾತ್ರ ಲಾಗಿನ್ ತೊಂದರೆ. 550 ಬಂದರೆ ಆ ಫೋಲ್ಡರ್ ಇಲ್ಲ, ಇಲ್ಲವೇ ಅದರಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ.

ಪಾವಗಡದ ಮದುವೆಯ ಫೋಟೋಗಳನ್ನೆಲ್ಲ ಬಿಡಿಬಿಡಿಯಾಗಿ ಕಳಿಸಿದರೆ ಪ್ರತಿ ಫೈಲಿಗೂ ಹೊಸ ಕನೆಕ್ಷನ್, ಅದಕ್ಕೇ ನಿಧಾನ. ಲ್ಯಾಬಿನವರು ಒಪ್ಪಿದರೆ ಜಿಪ್ ಮಾಡಿ ಒಂದೇ ಫೈಲ್ ಕಳಿಸಿ. ಕಳಿಸುವ ಮೋಡ್ ಬೈನರಿ ಇರಲಿ, ಅಂದರೆ ಫೈಲ್ ಇದ್ದ ಹಾಗೇ ಹೋಗಲಿ. ಬರೀ ಅಕ್ಷರದ ಫೈಲುಗಳಿಗಿರುವ ಆಸ್ಕಿ ಮೋಡಿನಲ್ಲಿ ಹೋದರೆ ಸಾಲಿನ ಕೊನೆಯ ಗುರುತುಗಳು ಬದಲಾಗಿ ಫೋಟೋ ಕೆಡಬಹುದು. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಕಳಿಸಬೇಡಿ, ರೆಸ್ಯೂಮ್ ಒತ್ತಿ, ನಿಂತಲ್ಲಿಂದ ಮುಂದುವರಿಯುತ್ತದೆ. ಲಾಗ್‌ನಲ್ಲಿ 226, ಅಂದರೆ ಕಳಿಸಿ ಮುಗಿಯಿತು ಎಂಬ ಉತ್ತರ, ಬಂದ ಮೇಲೂ ಎರಡೂ ಕಡೆ ಫೈಲ್ ಸೈಜ್ ಒಂದೇ ಇದೆಯಾ ನೋಡಿ.

ಒಂದು ವಿಷಯ ನನಗೆ ನಿಜಕ್ಕೂ ಚಿಂತೆ. ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಎಫ್‌ಟಿಪಿಯ ಮೊದಲ ರೂಪ ಬರೆದದ್ದು 1971ರಲ್ಲಿ. ಆಗ ನೆಟ್‌ವರ್ಕಿನಲ್ಲಿ ಇದ್ದವರು ಕೆಲವೇ ಜನ, ಪಾಸ್‌ವರ್ಡ್ ಬಯಲಾಗಿ ಹೋದರೂ ನಡೆಯುತ್ತಿತ್ತು. ಸಾದಾ ಎಫ್‌ಟಿಪಿಯಲ್ಲಿ ಇವತ್ತಿಗೂ ಅದು ಹಾಗೇ ಹೋಗುತ್ತದೆ, ಜೊತೆಗೆ ಬೇರೆಯವರ ಮನೆಯ ಮದುವೆ ಫೋಟೋಗಳೂ. ಆದ್ದರಿಂದ ಫೈಲ್ ಕಳಿಸುವ ಇನ್ನೊಂದು ಸುರಕ್ಷಿತ ವಿಧಾನವಾದ ಎಸ್‌ಎಫ್‌ಟಿಪಿ ಇದೆಯಾ ಅಂತ ಲ್ಯಾಬಿನವರನ್ನು ಕೇಳಿ. ಅದು ಸಾಮಾನ್ಯವಾಗಿ 22ನೇ ಪೋರ್ಟಿನಲ್ಲಿ, ಒಂದೇ ಕನೆಕ್ಷನ್ನಿನಲ್ಲಿ, ಎಲ್ಲವನ್ನೂ ಗೂಢಲಿಪಿ ಮಾಡಿ ಕಳಿಸುತ್ತದೆ. ಪ್ಯಾಸಿವ್ ಆಕ್ಟಿವ್ ತಲೆನೋವೂ ಇಲ್ಲ. ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರಿನಲ್ಲಿ ಪ್ರೋಟೊಕಾಲ್ ಬದಲಿಸಿದರೆ ಸಾಕು. ಮೊದಲ ಸಲ ಕನೆಕ್ಟ್ ಆಗುವಾಗ ಸರ್ವರಿನ ಫಿಂಗರ್‌ಪ್ರಿಂಟ್, ಅಂದರೆ ಅದನ್ನು ಗುರುತಿಸುವ ಅಕ್ಷರಗಳ ಸಾಲು, ತೋರಿಸುತ್ತದೆ. ಅದನ್ನು ಲ್ಯಾಬಿನವರ ಹತ್ತಿರ ಫೋನಿನಲ್ಲಿ ತಾಳೆ ನೋಡಿ, ಆಮೇಲೆ ಓಕೆ ಒತ್ತಿ.