ಮೇ ತಿಂಗಳಲ್ಲಿ ನೋಡಿ ಹಿಡಿದ ಮನೆ

ಕಲಬುರಗಿ ಸುತ್ತಮುತ್ತಲ ಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವುದಿದ್ದರೆ ಬೇಸಿಗೆಯಲ್ಲೇ ಹುಡುಕಿ. ಮೇ ತಿಂಗಳಾದರೆ ಇನ್ನೂ ಒಳ್ಳೆಯದು. ಅದೂ ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಡಿಸೆಂಬರಿನಲ್ಲಿ ನೋಡಿದರೆ ಎಲ್ಲ ಮನೆಯೂ ತಂಪಾಗಿರುತ್ತದೆ, ಎಲ್ಲ ಬೋರಿನಲ್ಲೂ ನೀರು ಬರುತ್ತಿರುತ್ತದೆ. ಬಿಸಿಲು 42, 43 ಡಿಗ್ರಿಗೆ ಏರಿದಾಗಲೇ ಯಾವ ಮನೆಯಲ್ಲಿ ಇರಬಹುದು, ಯಾವುದರಲ್ಲಿ ಆಗುವುದಿಲ್ಲ ಅಂತ ಗೊತ್ತಾಗುವುದು.

ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಜಾಸ್ತಿ. ರಾತ್ರಿ ಎಂಟಕ್ಕೆ ಒಳಗೆ ಹೋದರೆ ಬೆಳಿಗ್ಗೆ ಎಂಟಕ್ಕೆ ಹೊರಗೆ. ಹಗಲು ನಿದ್ದೆ ಸರಿಯಾಗಿ ಆಗದಿದ್ದರೆ ರಾತ್ರಿ ಡ್ರಿಪ್ ಹಾಕುವಾಗ ಕೈ ನಡುಗುತ್ತದೆ. ಇದು ನನ್ನೊಬ್ಬಳ ಕಷ್ಟ ಅಲ್ಲ, ಮಲಗಿರುವ ಪೇಶಂಟಿನ ಜೀವದ ಪ್ರಶ್ನೆ. ಸಿಟಿಯಲ್ಲಿ ನಾವಿದ್ದ ಓಣಿಯಲ್ಲಿ ಹಗಲೆಲ್ಲ ಮನೆ ಕಟ್ಟುವ ಕೆಲಸ, ಗ್ರ್ಯಾನೈಟ್ ಕತ್ತರಿಸುವ ಸದ್ದು. ನಮ್ಮ ಮನೆಯವರು ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಹಾಗಾಗಿ ಹುಮನಾಬಾದ್ ರಸ್ತೆಯ ಕಡೆಗಿನ ಹಳ್ಳಿಗಳನ್ನೇ ನೋಡಿದೆವು. ಊರಿನ ಹೆಸರು ಬರೆಯುವುದಿಲ್ಲ. ಮನೆ ಕೊಟ್ಟವರ ಮಾತಿನ ಜೊತೆಗೆ ಕೊಡದವರ ಮಾತೂ ಇಲ್ಲಿ ಬರುತ್ತದೆ.

ಹಳ್ಳಿಯಲ್ಲಿ ಟು-ಲೆಟ್ ಬೋರ್ಡ್ ಇರುವುದಿಲ್ಲ, ಬ್ರೋಕರ್ ಕೂಡ ಇಲ್ಲ. ಆದರೆ ಬೀಗ ಹಾಕಿದ ಮನೆಗಳು ಬೇಕಾದಷ್ಟಿವೆ. ಮಕ್ಕಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ದುಡಿಯಲು ಹೋಗಿರುತ್ತಾರೆ. ಯಾವ ಮನೆ ಖಾಲಿ, ಬೀಗದ ಕೈ ಯಾರ ಹತ್ತಿರ, ಅಣ್ಣತಮ್ಮಂದಿರ ಪಾಲಿನ ಜಗಳ ಯಾವ ಮನೆಯಲ್ಲಿದೆ ಅನ್ನುವುದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮನೆಮನೆಗೆ ಹೋಗುವವರು ಅವರೇ ಅಲ್ವಾ? ನನಗೂ ದಾರಿ ತೋರಿಸಿದ್ದು ಅವರೇ. ಪಾಲಿನ ಜಗಳ ಇರುವ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಇವತ್ತು ತಮ್ಮ ಬಾಡಿಗೆ ಇಸಿದುಕೊಂಡು ಹೋದರೆ ನಾಳೆ ಅಣ್ಣ ಬಂದು ಮನೆ ಖಾಲಿ ಮಾಡಿ ಅನ್ನುತ್ತಾನೆ.

ಒಂದು ಮನೆಯಲ್ಲಿ ಬಾಡಿಗೆ ಎಷ್ಟು ಅಂತ ನಾವು ಕೇಳುವ ಮೊದಲೇ "ನೀವು ಯಾವ ಮಂದಿ ಪೈಕಿರಿ?" ಅಂತ ಅವರು ಕೇಳಿದರು. ಅವರು ಕೊಟ್ಟ ನೀರನ್ನು ಕುಡಿದು, ಚೊಂಬು ಕೆಳಗಿಟ್ಟು ಎದ್ದೆವು. ಉತ್ತರ ಹೇಳಲಿಲ್ಲ. ಹೇಳಿದರೆ ಮನೆ ಸಿಗುತ್ತಿತ್ತೋ ಇಲ್ಲವೋ ಅನ್ನುವುದು ಬೇರೆ ಮಾತು. ಜಾತಿ ಕೇಳಿ ಕೊಡುವ ಮನೆಯಲ್ಲಿ ಮುಂದೆ ನಮ್ಮ ಮನೆಗೆ ಬರುವ ಗೆಳತಿಯರ ಜಾತಿಯನ್ನೂ ಕೇಳುತ್ತಾರೆ, ಭಾನುವಾರ ಒಲೆಯ ಮೇಲೆ ಏನು ಬೇಯುತ್ತಿದೆ ಅಂತಲೂ ಇಣುಕುತ್ತಾರೆ. ಶರಣಬಸವೇಶ್ವರರ ಜಾತ್ರೆಗೂ ಬಂದೇ ನವಾಜರ ಉರುಸಿಗೂ ಒಂದೇ ಮನಸ್ಸಿನಿಂದ ಹೋಗುವ ಊರು ನಮ್ಮದು. ಇಲ್ಲಿ ಆ ಪ್ರಶ್ನೆ ಕೇಳಿದಾಗ ನನಗೆ ಸಿಟ್ಟಿಗಿಂತ ನೋವೇ ಜಾಸ್ತಿ ಆಯಿತು. ನಿಮಗೂ ಕೇಳಿದರೆ ಸುಮ್ನೆ ಎದ್ದು ಬನ್ನಿ. ಕೇಳದವರೂ ಇದ್ದಾರೆ, ಸ್ವಲ್ಪ ತಡವಾಗಿ ಸಿಗುತ್ತಾರೆ ಅಷ್ಟೇ.

ನಮಗೆ ಮನೆ ಕೊಟ್ಟವರು ಒಬ್ಬ ವಯಸ್ಸಾದ ರೈತರು. ಊರೆಲ್ಲ ಮುತ್ಯಾ, ಅಂದರೆ ಅಜ್ಜ ಅನ್ನುತ್ತದೆ, ನಾವೂ ಹಾಗೇ ಕರೆಯುತ್ತೇವೆ. ಅವರದು ಎರಡು ಮನೆ. ಮಗ ಕಟ್ಟಿಸಿದ ಹೊಸ ಆರ್‌ಸಿಸಿ ಮನೆ ಒಂದು, ಅದರ ಮಗ್ಗುಲಿಗೆ ಅಪ್ಪನ ಕಾಲದ ಕಲ್ಲಿನ ಮಾಳಿಗೆ ಮನೆ, ಅಂದರೆ ತೊಲೆಯ ಮೇಲೆ ಮಣ್ಣಿನ ಚಾವಣಿ ಇರುವುದು, ಇನ್ನೊಂದು. ಮೊದಲು ತೋರಿಸಿದ್ದು ಹೊಸ ಮನೆಯ ಮೇಲಿನ ಎರಡು ಕೋಣೆ. ಟೈಲ್ಸ್ ಹಾಕಿದ್ದರು, ಅಟ್ಯಾಚ್ಡ್ ಬಾತ್‌ರೂಮ್ ಇತ್ತು. ಗೋಡೆಗೆ ಅಂಗೈ ಇಟ್ಟೆ. ಮಧ್ಯಾಹ್ನದ ಬಿಸಿ ಒಳಗೆ ಬಂದಾಗಿತ್ತು. ಹಳೆ ಮನೆಯೊಳಗೆ ಹೋಗಿ ಅದೇ ಅಂಗೈ ಇಟ್ಟೆ. ತಣ್ಣಗಿತ್ತು. ಕಾಲ ಕೆಳಗಿನ ಶಹಾಬಾದ್ ಪರ್ಸಿ ಕಲ್ಲೂ ತಣ್ಣಗೆ. "ಇದನ್ನೇ ಕೊಡ್ರಿ ಮುತ್ಯಾ" ಅಂದೆ. ಅವರಿಗೆ ಆಶ್ಚರ್ಯ. "ಹೊಸಾದ್ ಅದಾ ಅಲ್ರಿ ತಂಗಿ, ಈ ಹಳೀ ಮನಿ ಯಾಕ?"

ಕಾರಣ ಹೇಳುತ್ತೇನೆ. ಕಾಂಕ್ರೀಟ್ ಸ್ಲ್ಯಾಬ್ ತೆಳು. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾವು ಒಳಗಿಳಿಯುತ್ತದೆ, ರಾತ್ರಿಯವರೆಗೂ ಬಿಡುವುದಿಲ್ಲ. ಮೊಳಕ್ಕಿಂತ ದಪ್ಪ ಇರುವ ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ ಇದ್ದರೆ ಹೊರಗಿನ ಕಾವು ಒಳಗೆ ಬರಲು ಇಡೀ ಹಗಲು ಬೇಕು. ಅದು ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಹಗಲು ಮಲಗುವ ನನಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ನಮ್ಮ ಮನೆಯವರಿಗೆ ರಾತ್ರಿ ಸ್ವಲ್ಪ ಕಾವು ಅನ್ನಿಸುತ್ತದೆ. ಬೇಸಿಗೆಯಲ್ಲಿ ಅವರು ಮಾಳಿಗೆ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುತ್ತಾರೆ. ಏಪ್ರಿಲ್, ಮೇನಲ್ಲಿ ಕೂಲರ್ ಬೇಕೇ ಬೇಕು. ನಮ್ಮ ಕಡೆ ಗಾಳಿ ಒಣಗಿರುವುದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಎದುರುಬದುರು ಕಿಟಕಿ ಇರಬೇಕು, ಒಂದನ್ನು ತೆರೆದಿಡಬೇಕು. ಎಲ್ಲ ಮುಚ್ಚಿಕೊಂಡು ಕೂಲರ್ ಹಾಕಿದರೆ ಕೋಣೆ ಬರೀ ತೇವ ಆಗುತ್ತದೆ, ಮೈಯೆಲ್ಲ ಅಂಟಂಟು. ಹಳೆ ಮನೆಗಳಲ್ಲಿ ಕಿಟಕಿ ಸಣ್ಣವು, ಎಷ್ಟೋ ಕೋಣೆಗೆ ಇರುವುದೇ ಇಲ್ಲ. ಅದನ್ನು ನೋಡಿಕೊಂಡೇ ಮಲಗುವ ಕೋಣೆ ಯಾವುದು ಅಂತ ಗೊತ್ತು ಮಾಡಿ.

ಇನ್ನು ನೀರು. ನಳ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಕೇಳಬೇಕಾದ ಮಾತು ಬೇರೆ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಗಂಟೆಗೆ ಬಿಡುತ್ತಾರೆ, ಕರೆಂಟ್ ಹೋದರೆ ಆ ದಿನದ ನೀರು ಮರುದಿನ ಬರುತ್ತದಾ. ಇದನ್ನು ಮಾಲೀಕರಿಗೆ ಕೇಳಬೇಡಿ, ಪಕ್ಕದ ಮನೆಯ ಹೆಂಗಸರಿಗೆ ಕೇಳಿ. ಕೊಡ ಹೊರುವವರು ಅವರು. ಬೋರಿನ ನೀರು ಸಿಹಿಯೋ ಸವಳೋ ಅನ್ನುವುದನ್ನು ನಾನು ಬ್ಯಾಳಿ ಕುದಿಸಿ ನೋಡಿದೆ. ಎರಡು ಬಾಟಲಿ ನೀರು ತುಂಬಿಕೊಂಡು ಬಂದು, ಕುಕ್ಕರ್ ಬಿಟ್ಟು ಬರೀ ಪಾತ್ರೆಯಲ್ಲಿ ತೊಗರಿ ಬೇಳೆ ಇಟ್ಟೆ. ಸವಳು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಬೇಳೆ ಎಷ್ಟು ಹೊತ್ತು ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಸಿಗುತ್ತದೆ. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅಂಥ ಬೇಳೆಯೇ ಬೇಯದಿದ್ದರೆ ತಪ್ಪು ನೀರಿನದೇ. ಮುತ್ಯಾನ ಬೋರಿನ ನೀರಿನಲ್ಲಿ ಬೇಳೆ ಬೆಂದಿತು, ಆದರೆ ತಡವಾಗಿ. ಅಂದರೆ ಸ್ನಾನಕ್ಕೆ, ಬಟ್ಟೆಗೆ, ಕೂಲರ್‌ಗೆ ಸಾಕು. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಘಟಕ ಕೆಟ್ಟು ನಿಂತ ದಿನ ನಮ್ಮ ಮನೆಯವರು ಸಿಟಿಯಿಂದ ಬೈಕಿನಲ್ಲಿ ಕ್ಯಾನ್ ಇಟ್ಟುಕೊಂಡು ಬರುತ್ತಾರೆ. ಸವಳು ನೀರಿಗೆ ಕೂಲರಿನ ಹುಲ್ಲಿನ ಪ್ಯಾಡ್ ಬೇಗ ಬಿಳಿ ಕಟ್ಟುತ್ತದೆ. ಪ್ರತಿ ಬೇಸಿಗೆಗೆ ಹೊಸದು ಹಾಕಿಸುವ ಖರ್ಚು ಲೆಕ್ಕದಲ್ಲಿರಲಿ.

ಮೀಟರ್ ವಿಷಯ ನೀವೇ ನಿಂತು ನೋಡಿ. ನಾವು ನೋಡಿದ ಇನ್ನೊಂದು ಮನೆಯಲ್ಲಿ ಬೋರಿನ ಮೋಟರ್ ಬಾಡಿಗೆಯವರ ಮೀಟರಿಗೆ ಸೇರಿತ್ತು. ಆ ನೀರು ಹೋಗುತ್ತಿದ್ದದ್ದು ಮೂರು ಮನೆಗೆ. ಮೋಟರ್ ಚಾಲೂ ಮಾಡಿಸಿ ಮೀಟರ್ ಮುಂದೆ ನಿಂತರೆ ಇದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಾಡಿಗೆಯಲ್ಲಿ ಇರುವವರಿಗೂ ಗೃಹಜ್ಯೋತಿಯ ಉಚಿತ ಕರೆಂಟ್ ಸಿಗುತ್ತದೆ. ಕರೆಂಟ್ ಬಿಲ್ಲಿನಲ್ಲಿರುವ ಮನೆಯ ಆರ್‌ಆರ್ ನಂಬರಿಗೆ ನಮ್ಮ ಆಧಾರ್ ಜೋಡಿಸಬೇಕು. ಮೊದಲು ಇದ್ದವರ ಆಧಾರ್ ಅದಕ್ಕೆ ಸೇರಿದ್ದರೆ ಅದನ್ನು ತೆಗೆಸಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಕೂಲರಿನ ಜೊತೆಗೆ ಮೂರು ಮನೆಯ ಮೋಟರ್ ಸೇರಿದರೆ ದಾಟದೆ ಇರುತ್ತದಾ?

ಕರಾರು ಪತ್ರದ ಮಾತು ತೆಗೆದಾಗ ಮುತ್ಯಾ ಸ್ವಲ್ಪ ಬೇಜಾರಾದರು. "ಮಾತು ಆದ ಮ್ಯಾಲ ಕಾಗದ ಯಾಕ ತಂಗಿ?" ಅಂದರು. ಅವರ ಮೇಲೆ ಅನುಮಾನ ಇಲ್ಲ, ಗ್ಯಾಸ್ ಕನೆಕ್ಷನ್ ವಿಳಾಸಕ್ಕೆ, ಆಫೀಸಿನಲ್ಲಿ ಬಾಡಿಗೆ ತೋರಿಸಲಿಕ್ಕೆ, ಕರೆಂಟಿನ ಅರ್ಜಿಗೆ ಕಾಗದ ಬೇಕು ಅಂತ ನಮ್ಮ ಮನೆಯವರು ಕೂತು ವಿವರಿಸಿದರು. ಪುಣೆಯಲ್ಲಿರುವ ಅವರ ಮಗನಿಗೂ ಫೋನ್ ಹಚ್ಚಿ ಮಾತಾಡಿದರು. ಹನ್ನೊಂದು ತಿಂಗಳಿಗೆ ಬರೆಸಿದೆವು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ಆದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳು ಅನ್ನುವುದು. ಬಾಡಿಗೆ ನಾವು ಸಿಟಿಯಲ್ಲಿ ಕೊಡುತ್ತಿದ್ದುದರ ಅರ್ಧಕ್ಕಿಂತ ಕಡಿಮೆ.

ರಸ್ತೆ ಬಗ್ಗೆ ಒಂದೇ ಮಾತು. ಸಿಸಿ ರಸ್ತೆ ಎಲ್ಲಿ ಮುಗಿಯುತ್ತದೆ, ಅಲ್ಲಿಂದ ನಿಮ್ಮ ಬಾಗಿಲು ಎಷ್ಟು ದೂರ ನೋಡಿ. ನಮ್ಮದು ಕರಿ ಎರೆ ಮಣ್ಣು. ಮಳೆ ಬಿದ್ದರೆ ಸ್ಕೂಟಿಯ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ನಾನು ಡ್ಯೂಟಿಗೆ ಬಸ್ಸಿನಲ್ಲೇ ಹೋಗುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ನಮ್ಮಂಥ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಇಲ್ಲ. ಬಸ್ ತಪ್ಪಿದರೆ ಟಂಟಂ ಆಟೊ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್‌ಗಳು ಬರುತ್ತವೆ. ಅವುಗಳಿಗೆ ಗುದ್ದಿಕೊಂಡವರು ನಮ್ಮ ಕ್ಯಾಶುವಲ್ಟಿಗೆ ಬರುವುದನ್ನು ನೋಡಿದ್ದೇನೆ. ಹಾಗಾಗಿ ರಾತ್ರಿ ಸ್ಕೂಟಿ ತೆಗೆಯುವುದಿಲ್ಲ.

ಹಳ್ಳಿ ಅಂದರೆ ಸದ್ದೇ ಇಲ್ಲ ಅಂದುಕೊಂಡು ಬರಬೇಡಿ. ನಸುಕಿಗೆ ಗುಡಿಯ ಮೈಕು, ಮಸೀದಿಯ ಆಜಾನು. ನಾನು ಆಗ ಡ್ಯೂಟಿಯಲ್ಲಿ ಇರುತ್ತೇನೆ. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಊರು ಹೊಲದಲ್ಲಿರುತ್ತದೆ. ನನಗೆ ಬೇಕಾದದ್ದು ಅದೇ ಹೊತ್ತು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮಾಡುವ ಮಷಿನ್ ಬಂದಾಗ ಮಾತ್ರ ಹಗಲು ರಾತ್ರಿ ಗದ್ದಲ, ಮನೆಯೊಳಗೆಲ್ಲ ಹೊಟ್ಟಿನ ಧೂಳು. ಅದು ಅವರ ವರ್ಷದ ದುಡಿಮೆ. ಆಗ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಒಳಗಿನ ಕೋಣೆಯಲ್ಲಿ ಮಲಗುತ್ತೇನೆ. ಮನೆ ನೋಡುವಾಗ ಹಿಟ್ಟಿನ ಗಿರಣಿ ಎಲ್ಲಿದೆ ಅಂತಲೂ ನೋಡಿಕೊಳ್ಳಿ.

ನನ್ನ ನಿದ್ದೆಗೆ ಕಾವಲು ಇರುವುದು ಮುತ್ಯಾನ ಮನೆಯ ಆಯಿ, ಅಂದರೆ ಅಜ್ಜಿ. ನರ್ಸ್ ಬಂದಿದ್ದಾಳೆ ಅಂತ ಗೊತ್ತಾದ ವಾರದಲ್ಲೇ ಬಾಗಿಲಿಗೆ ಮಂದಿ ಬರಲು ಶುರುವಾಯಿತು. ಬಿಪಿ ನೋಡಿ ಅಂತ ಒಬ್ಬರು, ಇಂಜೆಕ್ಷನ್ ಹಾಕಿ ಅಂತ ಇನ್ನೊಬ್ಬರು. ಇಂಜೆಕ್ಷನ್ ಹಾಕುವುದಿಲ್ಲ ಅಂತ ಮೊದಲ ದಿನವೇ ಹೇಳಿದೆ. ಡಾಕ್ಟರ್ ಬರೆಯದೆ ಮನೆಯಲ್ಲಿ ಇಂಜೆಕ್ಷನ್ ಕೊಟ್ಟು ಏನಾದರೂ ಆದರೆ ಉಳಿಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಬಿಪಿ, ಶುಗರ್ ನೋಡುತ್ತೇನೆ, ಸಂಜೆ ಐದರ ಮೇಲೆ. ಆಯಿ ಆ ಟೈಮನ್ನು ಊರಿಗೆಲ್ಲ ಕಲಿಸಿದರು. ಮಧ್ಯಾಹ್ನ ಕಟ್ಟೆ ಮೇಲೆ ಜೋಳ ಹಸನ ಮಾಡುತ್ತಾ ಕೂತಿರುತ್ತಾರೆ. ಯಾರಾದರೂ ಬಂದರೆ ದನಿ ಏರಿಸದೆ, "ಅಕ್ಕ ಮಲಗ್ಯಾಳ, ಸಂಜಿಗಿ ಬರ್ರಿ" ಅನ್ನುತ್ತಾರೆ. ಎಳ್ಳು ಅಮಾವಾಸ್ಯೆಗೆ ಅವರ ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಲು ನಮ್ಮನ್ನೂ ಕರೆದುಕೊಂಡು ಹೋಗುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಬಾಡಿಗೆಯವರು ಅಂತ ಬೇರೆ ಎಲೆ ಹಾಕಿದ್ದು ನಾನು ಕಂಡಿಲ್ಲ.

ಹಳೆ ಕಲ್ಲಿನ ಮನೆಗೆ ಬರುವವರು ಎರಡು ವಿಷಯಕ್ಕೆ ತಯಾರಿರಬೇಕು. ಮೊದಲನೆಯದು ಹುಳಹುಪ್ಪಟೆ. ಕಲ್ಲಿನ ಸಂದಿಯಲ್ಲಿ ಚೇಳು ಇರುತ್ತವೆ. ಸೊಂಟದೆತ್ತರದವರೆಗೆ ಸಂದಿಗಳಿಗೆಲ್ಲ ಸಿಮೆಂಟ್ ತುಂಬಿಸಿದೆವು, ಮಂಚವನ್ನು ಗೋಡೆಯಿಂದ ದೂರ ಎಳೆದೆವು, ಚಪ್ಪಲಿ ಕೊಡವಿಯೇ ಹಾಕಿಕೊಳ್ಳುತ್ತೇವೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಬನ್ನಿ. ಇದನ್ನು ಊರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಇರುತ್ತೇನೆ, ಇಲ್ಲೂ ಹೇಳದೆ ಇರಲು ಆಗುವುದಿಲ್ಲ.

ಎರಡನೆಯದು ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮೇಲೆ ಬೆಳೆದ ಹುಲ್ಲು ಕಿತ್ತು, ಇಲಿ ತೋಡಿದ ಬಿಲ ಮುಚ್ಚಿ, ಹೊಸದಾಗಿ ಸವಳು ಮಣ್ಣು ಹಾಕಿ, ನೀರು ಚಿಮುಕಿಸಿ ಬಡಿಯಬೇಕು. ಇಲ್ಲದಿದ್ದರೆ ಸೋರುತ್ತದೆ. ಮುತ್ಯಾ ನಿಂತು ಹೇಳುತ್ತಾರೆ, ನಮ್ಮ ಮನೆಯವರು ಮತ್ತು ಇಬ್ಬರು ಆಳು ಸೇರಿ ಮಾಡುತ್ತಾರೆ. ನೀರು ಹರಿದು ಹೋಗುವ ತೂಬಿನ ಕಡೆಗೆ ಇಳಿಜಾರು ಇರಬೇಕು. ಅಲ್ಲಿ ಅಂಗೈಯಷ್ಟು ಜಾಗದಲ್ಲಿ ನೀರು ನಿಂತರೂ ಮುಗೀತು, ಕೆಳಗಿನ ತೊಲೆಗೆ ಹಸಿ ಹಿಡಿಯುತ್ತದೆ. ಮುತ್ಯಾ ಕಣ್ಣಳತೆಯಲ್ಲೇ ಅದನ್ನು ಹಿಡಿಯುತ್ತಾರೆ. "ಇಲ್ಲಿ ಒಂದ್ ಬುಟ್ಟಿ ಹಾಕು" ಅಂತ ಕೋಲಿನಿಂದ ತೋರಿಸುತ್ತಾರೆ. ಹಾಕಿ ಬಡಿದ ಮೇಲೆ ಒಂದು ಕೊಡ ನೀರು ಸುರುವಿ, ಅದು ಪೂರ್ತಿ ತೂಬಿಗೆ ಹೋಗುವವರೆಗೆ ಅಲ್ಲೇ ನಿಂತು ನೋಡುತ್ತಾರೆ.

ಈ ಕೆಲಸದ ಖರ್ಚು ಯಾರದು ಅನ್ನುವುದು ಮೊದಲ ಕರಾರಿನಲ್ಲಿ ಇರಲಿಲ್ಲ. ಮತ್ತೆ ಬರೆಸುವಾಗ ಸೇರಿಸಿದೆವು. ಮಣ್ಣು ಮತ್ತು ಟ್ರ್ಯಾಕ್ಟರ್ ಮುತ್ಯಾನದು, ಆಳಿನ ಕೂಲಿ ನಮ್ಮದು, ರೋಹಿಣಿ ಮಳೆ ಬೀಳುವ ಮೊದಲು ಕೆಲಸ ಮುಗಿಸಬೇಕು. ಈ ಸಲ ಕಾಗದ ಯಾಕ ಅಂತ ಮುತ್ಯಾ ಕೇಳಲಿಲ್ಲ. "ತೊಲಿ ಹಾಳಾದ್ರ ಅದೂ ಬರೀರಿ, ಅದು ನಂದು" ಅಂದರು. ಅದನ್ನೂ ಬರೆಸಿದೆವು.