ಮಾನಾ ಪೂಲ್ಸ್‌ಗೆ ನಿಂಬೆಹಣ್ಣು ಒಯ್ಯುವಂತಿಲ್ಲ

ಜಿಂಬಾಬ್ವೆಯ ಉತ್ತರದಂಚಿನಲ್ಲಿ, ಜಾಂಬೆಜಿ ನದಿಯ ದಡದಲ್ಲಿರುವ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಾಗ ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಕ್ಯಾಮೆರಾದ ಬಗ್ಗೆ ಅಲ್ಲ, ಬುತ್ತಿಯ ಬಗ್ಗೆ. ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ಅದರ ವಾಸನೆ ಸಿಕ್ಕರೆ ಆನೆ ಗುಡಾರವನ್ನೂ ಬಿಡುವುದಿಲ್ಲ, ಕಾರನ್ನೂ ಬಿಡುವುದಿಲ್ಲ. ಹಾಗಾಗಿ ಚಿತ್ರಾನ್ನದ ಆಸೆ ಬಿಟ್ಟು ರಾಜಧಾನಿ ಹರಾರೆಯ ಮನೆಯಲ್ಲೇ ಪುಳಿಯೋಗರೆ ಗೊಜ್ಜು ಕಾಯಿಸಿದೆ. ಫ್ರಿಜ್ ಇಲ್ಲದ ಜಾಗಕ್ಕೆ ಗೊಜ್ಜಿನಷ್ಟು ನಂಬಿಕಸ್ಥ ಪದಾರ್ಥ ಇನ್ನೊಂದಿಲ್ಲ. ಆದರೆ ಹುಣಸೆ ಆಫ್ರಿಕಾ ಮೂಲದ ಮರ, ಅದರ ಕಾಯಿಯನ್ನು ಆನೆಗಳು ಇಷ್ಟಪಟ್ಟು ತಿನ್ನುತ್ತವೆ ಎಂಬುದನ್ನು ಮರೆಯುವಂತಿಲ್ಲ. ಗೊಜ್ಜಿನ ಡಬ್ಬಿ ತಗಡಿನ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಾರಿನೊಳಗೆ. ಗುಡಾರದೊಳಗೆ ಒಂದು ಬಿಸ್ಕತ್ತು ಕೂಡ ಇಡಲಿಲ್ಲ.

ಹರಾರೆಯಿಂದ ದಾರಿ ಸುಮಾರು 400 ಕಿ.ಮೀ. ಕರೋಯಿ ಊರಿನಲ್ಲಿ ಟ್ಯಾಂಕ್ ತುಂಬಿಸಿ, ಕ್ಯಾನುಗಳಲ್ಲೂ ಡೀಸೆಲ್ ಹಿಡಿದುಕೊಂಡೆ. ಉದ್ಯಾನದೊಳಗೆ ಇಂಧನ ಸಿಗುವುದಿಲ್ಲ. ಮಕುಟಿ ದಾಟಿದ ಮೇಲೆ ಮರೊಂಗೋರಾ ಕಚೇರಿಯಲ್ಲಿ ಪರವಾನಗಿ ಬರೆಸಿ ಘಾಟಿಯಿಳಿದರೆ ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ತಿರುಗಬೇಕು. ಉದ್ದಕ್ಕೂ ಅಲೆ ಅಲೆಯಾಗಿ ಗಟ್ಟಿಯಾದ ಮಣ್ಣು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡರೆ ಹಲ್ಲು ಕಟಕಟಿಸುವುದು ತಪ್ಪುತ್ತದೆ. ಮೊಪಾನೆ ಮರಗಳ ಕಾಡಿನಲ್ಲಿ ತ್ಸೆತ್ಸೆ ನೊಣಗಳ ಕಾಟ. ಬಟ್ಟೆಯ ಮೇಲಿಂದಲೇ ಕಚ್ಚುವ ಈ ಪ್ರಾಣಿಗೆ ನೀಲಿ, ಕಪ್ಪು ಬಣ್ಣವೆಂದರೆ ಪ್ರೀತಿ. ಅವುಗಳನ್ನು ಹಿಡಿಯುವ ಬಲೆಗಳನ್ನೇ ಆ ಬಣ್ಣದ ಬಟ್ಟೆಯಲ್ಲಿ ಹೊಲಿಯುತ್ತಾರೆ. ನೀಲಿ ಜೀನ್ಸನ್ನು ಮನೆಯಲ್ಲಿಯೇ ಬಿಟ್ಟು ಖಾಕಿ ತೊಟ್ಟಿದ್ದೆ. ಮಲೇರಿಯಾ ಮಾತ್ರೆ ಹೊರಡುವ ಮೊದಲೇ ಶುರುವಾಗಿತ್ತು.

ನಾನು ಇಳಿದುಕೊಂಡದ್ದು ನ್ಯಾಮೆಪಿ ಶಿಬಿರದಲ್ಲಿ. ಬೇಲಿಯಿಲ್ಲ, ಎದುರಿಗೆ ನದಿ, ನದಿಯಾಚೆ ಜಾಂಬಿಯಾದ ಬೆಟ್ಟಸಾಲು. ಇಲ್ಲಿ ಗುಡಾರ ಹಾಕುವ ಮುನ್ನ ತಲೆಯ ಮೇಲೇನಿದೆ, ಕಾಲಡಿಯಲ್ಲಿ ಏನಿದೆ ಎಂದು ನೋಡುವುದೇ ಅರ್ಧ ಕೆಲಸ. ಮೇಲೆ ಕಿಗೇಲಿಯಾ ಮರವಿದ್ದರೆ ಅದರ ಕಾಯಿ ಹಲವು ಕಿಲೋ ತೂಗುತ್ತದೆ, ರಾತ್ರಿ ಯಾವಾಗ ಬೀಳುತ್ತದೋ ಹೇಳುವಂತಿಲ್ಲ. ಕೆಳಗೆ ನೀರಿನಿಂದ ದಡಕ್ಕೆ ಸವೆದ ಜಾಡಿದ್ದರೆ ಅದು ರಾತ್ರಿ ಮೇಯಲು ಬರುವ ನೀರಾನೆಯ ದಾರಿ. ಆ ದಾರಿಯನ್ನು ಅದು ನಮಗಾಗಿ ಬದಲಿಸುವುದಿಲ್ಲ. ಆನಾ ಮರದ ಕೆಳಗೂ ಬೇಡ. ಈ ಮರದ ಲೆಕ್ಕಾಚಾರವೇ ತಲೆಕೆಳಗು: ಮಳೆಗಾಲದಲ್ಲಿ ಬೋಳು, ಬೇಸಗೆಯಲ್ಲಿ ಹಸಿರು. ಕಾಡೆಲ್ಲ ಒಣಗಿರುವಾಗ ಕಾಯಿ ಉದುರಿಸುತ್ತದೆ, ಆನೆಗಳು ಅದಕ್ಕಾಗಿಯೇ ಬರುತ್ತವೆ.

ನಾನು ಆ ಮರದಿಂದ ದೂರ ಗುಡಾರ ಹಾಕಿದರೂ ಒಂದು ಸಲಗ ಬೆಳಗಿನ ಕಾಫಿಯ ಹೊತ್ತಿಗೆ ಹತ್ತಿರಕ್ಕೇ ಬಂತು. ಕಾರಿನೊಳಗೆ ಕುಳಿತು ನೋಡಿದೆ. ಕಿತ್ತಳೆ ಬಣ್ಣದ, ಸುರುಳಿ ಸುತ್ತಿಕೊಂಡ ಕಾಯಿಗಳನ್ನು ಅದು ಒಂದೊಂದಾಗಿ, ಎಲೆ ಕಸ ಬಿಟ್ಟು ಆಯ್ದುಕೊಳ್ಳುತ್ತಿತ್ತು. ಆಫ್ರಿಕಾದ ಆನೆಯ ಸೊಂಡಿಲ ತುದಿಯಲ್ಲಿ ಎರಡು ಬೆರಳಿನಂಥ ಚಾಚುಗಳಿವೆ, ನಮ್ಮ ನಾಗರಹೊಳೆಯ ಆನೆಗೆ ಒಂದೇ. ಆ ಎರಡರ ನಡುವೆ ಕಾಯಿ ಹಿಡಿಯುವ ನಾಜೂಕು ನೋಡುವಂಥದ್ದು. ಮಾನಾದ ಕೆಲವು ಸಲಗಗಳು ಹಿಂಗಾಲಿನ ಮೇಲೆ ನಿಂತು ಎತ್ತರದ ಕೊಂಬೆಗೂ ಸೊಂಡಿಲು ಚಾಚುತ್ತವೆ. ಬಾಸ್ವೆಲ್ ಎಂಬ ಹೆಸರಿನ ಆನೆ ಅದಕ್ಕೇ ಹೆಸರುವಾಸಿ.

ಪರವಾನಗಿ ಪಡೆದು ಸಿಂಹಗಳಿರುವ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಅಡ್ಡಾಡಬಹುದಾದದ್ದು ಮಾನಾದ ಹೆಗ್ಗಳಿಕೆ. ನಾನು ಬಂದೂಕುಧಾರಿ ಮಾರ್ಗದರ್ಶಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅದನ್ನು ಅಂಜುಬುರುಕತನ ಎನ್ನುವವರು ಎನ್ನಲಿ. ಮಾರ್ಗದರ್ಶಿಯ ಕೈಯಲ್ಲಿ ಬೂದಿ ತುಂಬಿದ ಪುಟ್ಟ ಚೀಲವಿತ್ತು. ಆಗಾಗ ಅದನ್ನು ಕೊಡವಿ, ಬೂದಿ ಎತ್ತ ಹಾರುತ್ತದೆಂದು ನೋಡಿ ನಮ್ಮ ದಿಕ್ಕು ಬದಲಿಸುತ್ತಿದ್ದರು. ಗಾಳಿ ನಮ್ಮ ಕಡೆಯಿಂದ ಪ್ರಾಣಿಯ ಕಡೆಗೆ ಬೀಸುತ್ತಿದ್ದರೆ ಎಷ್ಟು ಮೆಲ್ಲಗೆ ನಡೆದರೂ ವ್ಯರ್ಥ.

ಉದ್ಯಾನದ ಹೆಸರಿಗೆ ಕಾರಣವಾದ ನಾಲ್ಕು ಕೊಳಗಳು ನದಿ ಹಿಂದೆ ಹರಿದು ಬಿಟ್ಟುಹೋದ ಪಾತ್ರಗಳು. 1984ರಿಂದ ಈ ಜಾಗ ವಿಶ್ವ ಪರಂಪರೆಯ ತಾಣ. ಆದರೆ ಮೇಲ್ಭಾಗದಲ್ಲಿ ಕರಿಬಾ ಅಣೆಕಟ್ಟು ಎದ್ದ ಮೇಲೆ ವರ್ಷವರ್ಷದ ನೆರೆ ಮೊದಲಿನಂತೆ ಬಯಲಿಗೆ ಹಬ್ಬಿ ಮೆಕ್ಕಲು ತರುತ್ತಿಲ್ಲ. ಕಬಿನಿಯಲ್ಲಿ ಬೇಸಗೆಗೆ ಹಿನ್ನೀರು ಇಳಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ ಆನೆಗಳು ಸೇರುವುದನ್ನು ಕಂಡವನಿಗೆ, ಅಣೆಕಟ್ಟಿನ ಕೆಳಗೆ ಬದುಕುವ ಕಾಡು ಕಳೆದುಕೊಳ್ಳುವುದೇನೆಂದು ಅರ್ಥವಾದದ್ದು ಇಲ್ಲಿ.

ಯಾವ ತಿಂಗಳು ಹೋಗಬೇಕೆಂದು ಕೇಳುವವರಿಗೆ: ನವೆಂಬರ್‌ನಲ್ಲಿ ಮಳೆ ಹಿಡಿದರೆ ದಾರಿಯೆಲ್ಲ ಕೆಸರು. ಅಕ್ಟೋಬರ್‌ನಲ್ಲಿ ಪ್ರಾಣಿಗಳು ನದಿಯಂಚಿಗೆ ಬಂದು ಸೇರಿರುತ್ತವೆ, ದಡದ ಮಣ್ಣಿನಲ್ಲಿ ಕೆಂಪು ಜೇನುಹಿಡುಕ ಹಕ್ಕಿಗಳ ಗೂಡುಗಳೂ ಕಾಣುತ್ತವೆ. ಆದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಚಿತ್ರಕ್ಕಾಗಿ ಹೋಗುವವರು ಅದನ್ನು ಸಹಿಸಿಕೊಳ್ಳಲಿ. ನನಗೆ ಗುಡಾರದಲ್ಲಿ ನಿದ್ದೆಯೂ ಬೇಕು, ಆದ್ದರಿಂದ ಆಗಸ್ಟ್.