ಎಮರ್ಜೆನ್ಸಿಯಿಂದ ಐಸಿಯುಗೆ: ಅಮೆರಿಕದಲ್ಲಿ ಕ್ರಿಟಿಕಲ್ ಕೇರ್ ಫೆಲೋಶಿಪ್ ಮಾಡುವುದು ಹೇಗೆ?

ಎಮರ್ಜೆನ್ಸಿಯಲ್ಲಿ ಟ್ಯೂಬ್ ಹಾಕಿ, ಬಿಪಿ ಏರಿಸುವ ಔಷಧಿ ಶುರು ಮಾಡಿ ಐಸಿಯುಗೆ ಕಳಿಸಿದ ರೋಗಿ ಏನಾದರು ಅಂತ ಮರುದಿನ ಕಂಪ್ಯೂಟರ್ ತೆರೆದು ಹುಡುಕುವವರು ನೀವಾಗಿದ್ದರೆ, ಈ ಲೇಖನ ನಿಮಗೇ. ಅಮೆರಿಕದಲ್ಲಿ ಎಮರ್ಜೆನ್ಸಿ ಮೆಡಿಸಿನ್ ರೆಸಿಡೆನ್ಸಿ (ಎಂಬಿಬಿಎಸ್ ನಂತರದ ತಜ್ಞ ತರಬೇತಿ) ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ಕ್ರಿಟಿಕಲ್ ಕೇರ್, ಅಂದರೆ ಐಸಿಯು ಚಿಕಿತ್ಸೆಯ ಫೆಲೋಶಿಪ್ (ರೆಸಿಡೆನ್ಸಿ ಆದಮೇಲಿನ ವಿಶೇಷ ತರಬೇತಿ) ಬಗ್ಗೆ ಕೇಳುತ್ತಲೇ ಇರುತ್ತಾರೆ. ಎಷ್ಟೋ ಸಲ ಸ್ವಲ್ಪ ತಡವಾಗಿ ಕೇಳುತ್ತಾರೆ, ಅದೇ ಬೇಜಾರು.

ಮೊದಲು ಸ್ವಲ್ಪ ಹಿನ್ನೆಲೆ. ಅಲ್ಲಿ ಎಮರ್ಜೆನ್ಸಿ ಮೆಡಿಸಿನ್‌ಗೆ ಪ್ರತ್ಯೇಕ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ಕಿದ್ದು 1979ರಲ್ಲಿ. ಆದರೆ ಎಮರ್ಜೆನ್ಸಿ ಮೆಡಿಸಿನ್ ಒಂದನ್ನೇ ಓದಿದವರಿಗೆ ಕ್ರಿಟಿಕಲ್ ಕೇರ್ ಬೋರ್ಡ್ (ತಜ್ಞರಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಪರೀಕ್ಷೆ ಬರೆಯುವ ದಾರಿ ಬಹಳ ವರ್ಷ ಇರಲಿಲ್ಲ. ಪಿಟ್ಸ್‌ಬರ್ಗ್‌ನಲ್ಲೋ ಬಾಲ್ಟಿಮೋರ್‌ನ ಶಾಕ್ ಟ್ರಾಮಾ ಸೆಂಟರ್‌ನಲ್ಲೋ ಪೂರ್ತಿ ತರಬೇತಿ ಪಡೆದರೂ ಸರ್ಟಿಫಿಕೇಟ್ ಇಲ್ಲ. ಕೆಲವರು ಯುರೋಪಿನ ಡಿಪ್ಲೊಮಾ ಪರೀಕ್ಷೆ ಕಟ್ಟಿ ಬರುತ್ತಿದ್ದರು. 2011ರಲ್ಲಿ ಇಂಟರ್ನಲ್ ಮೆಡಿಸಿನ್ ಬೋರ್ಡ್ ಬಾಗಿಲು ತೆರೆಯಿತು. ಮುಂದಿನ ಎರಡು ವರ್ಷಗಳಲ್ಲಿ ಸರ್ಜರಿ ಮತ್ತು ಅನಸ್ತೇಶಿಯಾ ಬೋರ್ಡ್‌ಗಳೂ ಒಪ್ಪಿದವು. ಆಮೇಲೆ ನ್ಯೂರೋ ಕ್ರಿಟಿಕಲ್ ಕೇರ್ ಕೂಡ ಸೇರಿಕೊಂಡಿತು.

ಹಾಗಾಗಿ ಮೊದಲ ಹೆಜ್ಜೆ, ಯಾವ ಬಾಗಿಲು ಅಂತ ತೀರ್ಮಾನಿಸುವುದು. ಎಲ್ಲಕ್ಕೂ ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ, ಆದರೆ ಆ ಎರಡು ವರ್ಷದ ರುಚಿಯೇ ಬೇರೆ ಬೇರೆ. ಮೆಡಿಸಿನ್ ದಾರಿಯಲ್ಲಿ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವುದು) ಆದವರು, ಲಿವರ್ ಫೇಲ್ ಆದವರು, ಶ್ವಾಸಕೋಶ ಕೆಟ್ಟು ವಾರಗಟ್ಟಲೆ ವೆಂಟಿಲೇಟರ್ ಮೇಲಿರುವವರು ಜಾಸ್ತಿ. ಅನಸ್ತೇಶಿಯಾ ದಾರಿಯಲ್ಲಿ ಹೃದಯದ ಆಪರೇಷನ್ ಆದವರು, ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ), ಎಕೋ (ಹೃದಯದ ಸ್ಕ್ಯಾನ್). ಸರ್ಜರಿ ದಾರಿಯಲ್ಲಿ ಮೊದಲ ವರ್ಷ ನೀವು ಹೆಚ್ಚುಕಡಿಮೆ ಸರ್ಜರಿ ರೆಸಿಡೆಂಟ್ ಆಗಿಯೇ ದುಡಿಯಬೇಕು, ಎರಡನೇ ವರ್ಷ ನಿಜವಾದ ಫೆಲೋಶಿಪ್. ಟ್ರಾಮಾ ಇಷ್ಟ ಇದ್ದವರಿಗೆ ಇದು ಸರಿ. ಪಾರ್ಶ್ವವಾಯು, ಮಿದುಳಿನ ರಕ್ತಸ್ರಾವ ನಿಮ್ಮನ್ನು ಸೆಳೆದರೆ ನ್ಯೂರೋ. ಹೆಸರು ದೊಡ್ಡದು ಅಂತ ಮಾತ್ರ ಆರಿಸಬೇಡಿ. ರಾತ್ರಿ ಮೂರು ಗಂಟೆಗೂ ಯಾವ ರೋಗಿಯ ಪಕ್ಕ ನಿಲ್ಲಲು ನಿಮಗೆ ಮನಸ್ಸಾಗುತ್ತದೆ ಅಂತ ನೋಡಿಕೊಳ್ಳಿ.

ಎರಡನೆಯದು ತಿಂಗಳ ಲೆಕ್ಕ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಮೆಡಿಸಿನ್ ದಾರಿಗೆ ಬರುವವರು ಇಂಟರ್ನಲ್ ಮೆಡಿಸಿನ್‌ನಲ್ಲಿ ರೋಗಿಗಳನ್ನು ನೇರವಾಗಿ ನೋಡಿದ 6 ತಿಂಗಳ ಅನುಭವ ತೋರಿಸಬೇಕು, ಅದರಲ್ಲಿ ಕನಿಷ್ಠ 3 ತಿಂಗಳು ಮೆಡಿಕಲ್ ಐಸಿಯುನಲ್ಲೇ ಆಗಿರಬೇಕು. ಮೂರು ವರ್ಷದ ರೆಸಿಡೆನ್ಸಿಯಲ್ಲಿ ಇದು ತಾನಾಗಿಯೇ ತುಂಬುವುದಿಲ್ಲ. ಐಸಿಯುನಲ್ಲಿ ನಾಲ್ಕು ತಿಂಗಳು ಕಳೆದಿದ್ದೇನೆ ಅಂತ ಸುಮ್ನೆ ಕೂತಿರುತ್ತೀರಿ, ಎಣಿಸಿ ನೋಡಿದರೆ ಒಂದು ಮಕ್ಕಳ ಐಸಿಯು, ಒಂದು ಟ್ರಾಮಾ ಐಸಿಯು, ಮೆಡಿಕಲ್ ಐಸಿಯು ಎರಡೇ ತಿಂಗಳು. ಆಗ ಕೊನೆಯ ವರ್ಷದಲ್ಲಿ ಓಡಾಟ ಶುರು. ಅದಕ್ಕೇ ಮೊದಲ ವರ್ಷದಲ್ಲೇ ಪ್ರೋಗ್ರಾಂ ಡೈರೆಕ್ಟರ್ ಹತ್ತಿರ ಹೋಗಿ, ನನಗೆ ಐಸಿಯು ದಾರಿ ಬೇಕು, ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ) ತಿಂಗಳುಗಳನ್ನು ಅಲ್ಲಿಗೇ ಹಾಕಿಕೊಡಿ ಅಂತ ಕೇಳಿ. ಯಾವ ತಿಂಗಳು ಎಲ್ಲಿ, ಯಾರ ಕೈಕೆಳಗೆ ಮಾಡಿದಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಹಾಗಾಗಿ ಎಮರ್ಜೆನ್ಸಿ ಮೆಡಿಸಿನ್ ಬೋರ್ಡ್‌ನ ಈ ವರ್ಷದ ಪಟ್ಟಿಯನ್ನೇ ನೋಡಿ, ಸೀನಿಯರ್ ಹೇಳಿದ್ದನ್ನಲ್ಲ.

ಅರ್ಜಿಯ ವೇಳಾಪಟ್ಟಿಯೂ ಅನೇಕರನ್ನು ಬೆಚ್ಚಿಬೀಳಿಸುತ್ತದೆ. ಮೆಡಿಸಿನ್ ದಾರಿಗೆ ಜುಲೈನಲ್ಲಿ ಅರ್ಜಿ, ಮಳೆಗಾಲ ಮುಗಿಯುವಷ್ಟರಲ್ಲಿ ಅನ್ನುವ ಹಾಗೆ ಎರಡು ಮೂರು ತಿಂಗಳಲ್ಲಿ ಇಂಟರ್‌ವ್ಯೂ, ಡಿಸೆಂಬರ್ ಶುರುವಿನಲ್ಲಿ ಮ್ಯಾಚ್ (ಯಾರಿಗೆ ಯಾವ ಸೀಟು ಅಂತ ತೀರ್ಮಾನವಾಗುವುದು), ಅದರ ಮುಂದಿನ ಜುಲೈಗೆ ಕೆಲಸಕ್ಕೆ ಸೇರುವುದು. ಅಂದರೆ ಮೂರು ವರ್ಷದ ರೆಸಿಡೆನ್ಸಿಯವರು ಎರಡನೇ ವರ್ಷ ಮುಗಿಯುವ ಹೊತ್ತಿಗೇ ಶಿಫಾರಸು ಪತ್ರಗಳನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು. ಬೇರೆ ದಾರಿಗಳ ತಾರೀಕುಗಳು ಬೇರೆ. ಪತ್ರ ಕೊಡುವವರಲ್ಲಿ ಕನಿಷ್ಠ ಒಬ್ಬರಾದರೂ ನಿಮ್ಮನ್ನು ಐಸಿಯು ರೌಂಡ್ಸ್‌ನಲ್ಲಿ ದಿನವೂ ನೋಡಿದ ಇಂಟೆನ್ಸಿವಿಸ್ಟ್ (ಐಸಿಯು ತಜ್ಞ) ಆಗಿರಲಿ. ವಿಭಾಗದ ಮುಖ್ಯಸ್ಥರ ನಾಲ್ಕು ಒಳ್ಳೆಯ ಮಾತಿಗಿಂತ ಅವರ ಒಂದು ನಿಜವಾದ ಪ್ಯಾರಾ ತೂಕದ್ದು.

ಇಂಟರ್‌ವ್ಯೂನಲ್ಲಿ ನೀವೂ ಕೇಳಬೇಕು. ಇದುವರೆಗೆ ಎಮರ್ಜೆನ್ಸಿ ಕಡೆಯಿಂದ ಎಷ್ಟು ಜನ ಇಲ್ಲಿ ಫೆಲೋ ಆಗಿದ್ದಾರೆ? ಅವರು ಈಗ ಎಲ್ಲಿದ್ದಾರೆ? ಈ ಎರಡು ವರ್ಷದಲ್ಲಿ ಎಮರ್ಜೆನ್ಸಿ ಶಿಫ್ಟ್ ಮಾಡಲು ಬಿಡುತ್ತೀರಾ? ಇದಕ್ಕೆ ತಡವರಿಸುವ ಜಾಗದಲ್ಲಿ ನೀವು ಮೊದಲಿಗರಾಗುವ ಸಾಧ್ಯತೆ ಇದೆ. ಅದು ಕೆಟ್ಟದ್ದೇನಲ್ಲ, ಗೊತ್ತಿದ್ದು ಹೋಗಬೇಕು ಅಷ್ಟೆ.

ಸೇರಿದ ಮೇಲೆ ಕಷ್ಟವಾಗುವುದು ಟ್ಯೂಬ್ ಹಾಕುವುದೋ ಲೈನ್ ಹಾಕುವುದೋ ಅಲ್ಲ. ಕೈಕೆಲಸ ನಿಮಗೆ ಬರುತ್ತದೆ. ಕಷ್ಟ ಅಂದರೆ ರೋಗಿಯ ಪಕ್ಕ ದಿನಗಟ್ಟಲೆ ಉಳಿದುಕೊಳ್ಳುವುದು. ಒಂದು ಉದಾಹರಣೆ. 2000ದಲ್ಲಿ ಪ್ರಕಟವಾದ, ಶ್ವಾಸಕೋಶ ತೀವ್ರವಾಗಿ ಕೆಟ್ಟ 861 ರೋಗಿಗಳಿದ್ದ ದೊಡ್ಡ ಅಧ್ಯಯನದಲ್ಲಿ, ವೆಂಟಿಲೇಟರ್ ಪ್ರತಿ ಉಸಿರಿಗೆ ಕೊಡುವ ಗಾಳಿಯನ್ನು ಕಿಲೋಗೆ 12 ಮಿಲಿಲೀಟರ್‌ನಿಂದ 6ಕ್ಕೆ ಇಳಿಸಿದಾಗ ಸಾವಿನ ಪ್ರಮಾಣ 39.8%ರಿಂದ 31%ಕ್ಕೆ ಇಳಿಯಿತು. ಆ ಕಿಲೋ ಲೆಕ್ಕ ರೋಗಿಯ ತೂಕದಿಂದಲ್ಲ, ಎತ್ತರದಿಂದ. ಟೇಪ್ ಹಿಡಿದು ಅಳೆಯಬೇಕು, ದಿನಕ್ಕೆ ಹತ್ತು ಸಲ ಒತ್ತಡ ನೋಡಬೇಕು, ನಾಳೆಯೂ ನೋಡಬೇಕು, ನಾಡಿದ್ದೂ ನೋಡಬೇಕು. ಎಂಟನೇ ದಿನ ರೋಗಿಯ ಮಗಳ ಎದುರು ಕೂತು, ಇನ್ನು ಮುಂದೆ ಹೋಗುವುದು ಬೇಡ ಅನ್ನಿಸುತ್ತದೆ ಅಂತ ಹೇಳಬೇಕಾಗಿ ಬಂದಾಗ ಆ ಏಳು ದಿನ ನೀವು ಅಲ್ಲಿ ಇದ್ದದ್ದು ಅವಳಿಗೆ ಗೊತ್ತಿರುತ್ತದೆ. ಎಮರ್ಜೆನ್ಸಿಯಲ್ಲಿ ನಮಗೆ ಸಿಗದ ನಂಬಿಕೆ ಅದು. ಐಸಿಯು ಬೆಡ್ ಸಿಗದೆ ರೋಗಿ ಗಂಟೆಗಟ್ಟಲೆ ಎಮರ್ಜೆನ್ಸಿಯಲ್ಲೇ ಉಳಿಯುವ ಈ ಕಾಲದಲ್ಲಿ, ಇದನ್ನು ಕಲಿತವರು ಅಲ್ಲೂ ಬೇಕು ಅಲ್ವಾ? ಮಿಷಿಗನ್ ವಿಶ್ವವಿದ್ಯಾಲಯ 2015ರಲ್ಲಿ ಎಮರ್ಜೆನ್ಸಿ ವಿಭಾಗದ ಒಳಗೇ ಒಂದು ಐಸಿಯು ತೆರೆದದ್ದು ಇದಕ್ಕಾಗಿಯೇ.

ಹಣ ಮತ್ತು ವೀಸಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇನ್ನೆರಡು ವರ್ಷ ಫೆಲೋ ಸಂಬಳವೇ, ಸಾಲ ಇದ್ದವರು ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಜೆ-1 ವೀಸಾದಲ್ಲಿ (ವಿದೇಶಿ ವೈದ್ಯರು ತರಬೇತಿಗೆ ಬರುವ ವೀಸಾ) ತರಬೇತಿಗೆ ಸಾಮಾನ್ಯ ಮಿತಿ 7 ವರ್ಷ. ಮೂರು ವರ್ಷದ ರೆಸಿಡೆನ್ಸಿ ಸೇರಿದರೆ 5, ನಾಲ್ಕು ವರ್ಷದ್ದಾದರೆ 6, ಎರಡೂ ಮಿತಿಯೊಳಗೇ ಇವೆ.

ಕೊನೆಗೆ ಪರೀಕ್ಷೆ. ನೀವು ಬಂದ ದಾರಿಯ ಬೋರ್ಡ್‌ನ ಕ್ರಿಟಿಕಲ್ ಕೇರ್ ಪರೀಕ್ಷೆಯನ್ನೇ ಬರೆಯುತ್ತೀರಿ, ಆ ದಾರಿಯವರ ಜೊತೆಗೇ. ಆಮೇಲೆ ಕೆಲಸ ಹುಡುಕುವಾಗ ಅರ್ಧ ಎಮರ್ಜೆನ್ಸಿ, ಅರ್ಧ ಐಸಿಯು ಬೇಕು ಅಂದರೆ ಎರಡು ವಿಭಾಗಗಳು ನಿಮ್ಮ ಸಂಬಳವನ್ನು ಹಂಚಿಕೊಳ್ಳಬೇಕಾಗುತ್ತದೆ. ಎರಡೂ ಕಡೆಯವರು ರಾತ್ರಿ ಪಾಳಿ ಪೂರ್ತಿ ಕೇಳುತ್ತಾರೆ. ಸಹಿ ಹಾಕುವ ಮುಂಚೆ ಇಬ್ಬರೂ ಮುಖ್ಯಸ್ಥರನ್ನು ಒಂದೇ ಸಲ ಕೂರಿಸಿಕೊಂಡು, ವರ್ಷಕ್ಕೆ ಎಷ್ಟು ಐಸಿಯು ವಾರ, ತಿಂಗಳಿಗೆ ಎಷ್ಟು ಎಮರ್ಜೆನ್ಸಿ ಶಿಫ್ಟ್, ಅದರಲ್ಲಿ ರಾತ್ರಿಯವು ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.